ಒಂದೇ ಕಂಠ, ಎರಡು ಕಾಲ



ಕ್ರಿಸ್ತಜಯಂತಿಯ ರಜೆಯಲ್ಲಿ ‘ವೈಟ್ ಕ್ರಿಸ್‌ಮಸ್’ ಎಂಬ ಹಳೆಯ ಇಂಗ್ಲಿಷ್ ಚಲನಚಿತ್ರವನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. 1954ರಲ್ಲಿ ತೆರೆಕಂಡ ಆ ಚಿತ್ರದಲ್ಲಿ ಹಾಡಿ ಕುಣಿದು ಬದುಕು ಸಾಗಿಸುವ ಅಕ್ಕತಂಗಿಯರಿಬ್ಬರು ನೀಲಿ ಉಡುಪು ತೊಟ್ಟು, ನೀಲಿ ಗರಿಗಳ ಬೀಸಣಿಗೆ ಹಿಡಿದು, ಸೋದರಿಯರ ಬಾಂಧವ್ಯವನ್ನು ಕುರಿತ ತಮಾಷೆಯ ಗೀತೆಯೊಂದನ್ನು ಹಾಡುವ ದೃಶ್ಯವಿದೆ. ತೆರೆಯ ಮೇಲೆ ಕಾಣುವವರು ಇಬ್ಬರು; ಕೇಳಿಸುವ ಎರಡು ಕಂಠಗಳೂ ಒಬ್ಬರವೇ. ತಂಗಿಯ ಪಾತ್ರ ವಹಿಸಿದ ವೆರಾ-ಎಲೆನ್ ನೃತ್ಯದಲ್ಲಿ ನಿಪುಣೆ, ಗಾಯಕಿಯಲ್ಲ. ಹಾಗಾಗಿ ಅಕ್ಕನ ಪಾತ್ರಧಾರಿಯೇ ಎರಡೂ ಭಾಗಗಳನ್ನು ಹಾಡಿದರು. ಆ ಅಕ್ಕನೇ ರೋಸ್‌ಮೇರಿ ಕ್ಲೂನಿ. ಅದೇ ವರ್ಷ ಅದೇ ಗೀತೆಯನ್ನು ಆಕೆ ತಮ್ಮ ಒಡಹುಟ್ಟಿದ ತಂಗಿ ಬೆಟ್ಟಿಯೊಂದಿಗೆ ಧ್ವನಿಮುದ್ರಿಕೆಗಾಗಿಯೂ ಹಾಡಿದರು. ಚಿತ್ರವನ್ನು ನೋಡಿದವರು ಆ ಧ್ವನಿಮುದ್ರಿಕೆಯನ್ನೂ ಹುಡುಕಿ ಕೇಳಬೇಕು. ಎರಡರ ನಡುವಿನ ಅಂತರ ಮಕ್ಕಳಿಗೂ ತಿಳಿಯುತ್ತದೆ.

ಅಮೆರಿಕದ ಒಬ್ಬ ಗಾಯಕಿಯ ವಿಷಯ ನಮ್ಮ ಮಾಸಪತ್ರಿಕೆಯಲ್ಲಿ ಏಕೆ ಎಂದು ನೀವು ಕೇಳಬಹುದು. ಆಕೆ ಕಥೋಲಿಕ ಮನೆತನದವರು ಎಂಬ ಉತ್ತರ ಸುಲಭವಾದೀತು, ಆದರೆ ಸಾಲದು. ನನ್ನ ಕಾರಣ ಬೇರೆ. ಈ ಗಾಯಕಿಯ ಬಾಳಿನ ಕಥೆಯನ್ನು ನಾನೊಮ್ಮೆ ಬಲಿಪೀಠದ ಬಳಿ ನಿಂತು ಹೇಳಿದ್ದೆ, ಮತ್ತು ತಪ್ಪಾಗಿ ಹೇಳಿದ್ದೆ. ಆಕೆಯ ಹಾಡುಗಳನ್ನು ಮತ್ತೆ ಗಮನವಿಟ್ಟು ಕೇಳಿದ ಮೇಲೆ ಆ ತಪ್ಪು ನನಗೆ ಅರಿವಾಯಿತು. ಆದುದರಿಂದ ಇದು ವಿಮರ್ಶೆಯೂ ಹೌದು, ಒಂದು ತಿದ್ದುಪಡಿಯೂ ಹೌದು.

ಮೊದಲಿಗೆ, ‘ಸಾಂಪ್ರದಾಯಿಕ ಪಾಪ್’ ಎಂದು ಕರೆಯುವ ಗಾಯನ ಯಾವುದೆಂದು ಸ್ವಲ್ಪ ಹೇಳಬೇಕು. ರಾಕ್ ಸಂಗೀತದ ಅಬ್ಬರ ಆರಂಭವಾಗುವ ಮುನ್ನ, ಸುಮಾರು 1930ರಿಂದ 1950ರ ದಶಕದವರೆಗೆ, ಅಮೆರಿಕದ ಮನೆಮನೆಗಳ ರೇಡಿಯೋಗಳಲ್ಲಿ ಕೇಳಿಬರುತ್ತಿದ್ದ ಹಾಡುಗಾರಿಕೆ ಅದು. ಪದ ಕಟ್ಟುವವರು ಒಬ್ಬರು, ರಾಗ ಹಾಕುವವರು ಇನ್ನೊಬ್ಬರು, ವಾದ್ಯವೃಂದಕ್ಕೆ ಅಳವಡಿಸುವವರು ಮತ್ತೊಬ್ಬರು. ಇವರೆಲ್ಲರ ಶ್ರಮವನ್ನು ಕೇಳುಗನ ಕಿವಿಗೆ ಮುಟ್ಟಿಸುವುದು ಗಾಯಕನ ಕೆಲಸ. ಬಿಂಗ್ ಕ್ರಾಸ್‌ಬಿ, ಪೆರ್ರಿ ಕೊಮೊ, ಫ್ರಾಂಕ್ ಸಿನಾಟ್ರಾ, ಜೋ ಸ್ಟಾಫರ್ಡ್ ಮೊದಲಾದವರು ಈ ಪರಂಪರೆಗೆ ಸೇರಿದವರು. ಮೈಕ್ರೋಫೋನ್ ಇವರಿಗೆ ಕೂಗುವ ಸಾಧನವಾಗಿರಲಿಲ್ಲ. ಸಾವಿರಾರು ಜನರ ನಡುವೆಯೂ ಒಬ್ಬರ ಕಿವಿಯಲ್ಲಿ ಮಾತನಾಡಿದಂತೆ ಹಾಡಲು ಅದು ಅವಕಾಶ ಕೊಟ್ಟಿತು. (ನಮ್ಮ ಧರ್ಮಕೇಂದ್ರಗಳ ಗಾನವೃಂದದವರು ಕೋಪಿಸಿಕೊಳ್ಳದಿದ್ದರೆ ಒಂದು ಮಾತು: ಧ್ವನಿವರ್ಧಕ ಇರುವುದೇ ಗಂಟಲನ್ನು ಸಡಿಲಗೊಳಿಸುವುದಕ್ಕೆ. ನಾವು ಅದನ್ನಿಟ್ಟುಕೊಂಡೂ ಗಂಟಲು ಹರಿದುಕೊಳ್ಳುತ್ತೇವೆ.)

ರೋಸ್‌ಮೇರಿ ಹುಟ್ಟಿದ್ದು 1928ರ ಮೇ 23ರಂದು, ಕೆಂಟಕಿ ರಾಜ್ಯದಲ್ಲಿ ಓಹಾಯೋ ನದಿಯ ದಡದಲ್ಲಿರುವ ಮೇಸ್‌ವಿಲ್ ಎಂಬ ಪುಟ್ಟ ಊರಿನಲ್ಲಿ. ತಂದೆಗೆ ಕುಡಿತದ ಚಟ. ತಾಯಿ ದುಡಿಮೆಗಾಗಿ ಊರೂರು ತಿರುಗುತ್ತಿದ್ದವರು. ಮಕ್ಕಳು ಬೆಳೆದದ್ದು ಹೆಚ್ಚಾಗಿ ಅಜ್ಜ ಅಜ್ಜಿಯರ ಆಸರೆಯಲ್ಲಿ. ಚಿನ್ನಬೆಳ್ಳಿಯ ಅಂಗಡಿ ಇಟ್ಟಿದ್ದ ಅಜ್ಜ ಆ ಊರಿನ ಮೇಯರ್ ಸ್ಥಾನಕ್ಕೆ ನಿಂತಾಗ ಅಕ್ಕತಂಗಿಯರು ಚುನಾವಣಾ ಸಭೆಗಳಲ್ಲಿ ಹಾಡುತ್ತಿದ್ದರಂತೆ. ಮುಂದೆ ತಾಯಿ ಕಿರಿಯ ಮಗ ನಿಕ್‌ನನ್ನು ಕರೆದುಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೊರಟುಹೋದರು. 1945ರಲ್ಲಿ ತಂದೆಯೂ ಮನೆಬಿಟ್ಟು ಹೋದಾಗ ಹದಿಹರೆಯದ ಇಬ್ಬರು ಹೆಣ್ಣುಮಕ್ಕಳು ಖಾಲಿ ಸೋಡಾ ಬಾಟಲಿಗಳನ್ನು ಆಯ್ದು ಮಾರಿ ಊಟದ ದಾರಿ ನೋಡಿಕೊಂಡರು. ಆ ಸ್ಥಿತಿಯಲ್ಲೇ ಸಿನ್ಸಿನ್ನಾಟಿಯ ಡಬ್ಲ್ಯು.ಎಲ್.ಡಬ್ಲ್ಯು. ರೇಡಿಯೋ ಕೇಂದ್ರದ ಧ್ವನಿಪರೀಕ್ಷೆಗೆ ಹೋದರು, ಆಯ್ಕೆಯೂ ಆದರು. ವಾರಕ್ಕೆ ತಲಾ 20 ಡಾಲರ್ ಸಂಬಳ. ಮರುವರ್ಷ ಟೋನಿ ಪಾಸ್ಟರ್ ಎಂಬುವರ ವಾದ್ಯವೃಂದ ಸೇರಿ, ಸೋದರಮಾವನ ಕಾವಲಿನಲ್ಲಿ, ಬಸ್ಸಿನಲ್ಲಿ ಊರೂರು ಸುತ್ತಿದರು. ಬೆಟ್ಟಿ ಮನೆಗೆ ಮರಳಿದಳು. ರೋಸ್‌ಮೇರಿ 1949ರಲ್ಲಿ ಒಬ್ಬರೇ ನ್ಯೂಯಾರ್ಕಿಗೆ ಬಂದು ಕೊಲಂಬಿಯಾ ಕಂಪನಿಯ ಗಾಯಕಿಯಾದರು.

ಕೀರ್ತಿಯನ್ನು ತಂದ ಹಾಡು ಯಾವುದೆಂದು ನೋಡಿದರೆ ನಗು ಬರುತ್ತದೆ, ಸ್ವಲ್ಪ ನೋವೂ ಆಗುತ್ತದೆ. ‘ಕಮ್ ಆನ್-ಎ ಮೈ ಹೌಸ್’ ಎಂಬ ಆ ಗೀತೆಯನ್ನು ಕಟ್ಟಿದವರು ಆರ್ಮೇನಿಯ ಮೂಲದ ಸಾಹಿತಿ ವಿಲಿಯಂ ಸರೋಯನ್ ಮತ್ತು ಅವರ ಸಂಬಂಧಿ ರಾಸ್ ಬಾಗ್ದಸಾರಿಯನ್. ಮನೆಗೆ ಬಾ, ಹಣ್ಣುಹಂಪಲು ತಿನ್ನು ಎಂದು ಕರೆಯುವ, ಜಾನಪದದ ಧಾಟಿಯ ಹಗುರ ಹಾಡು ಅದು. 1951ರಲ್ಲಿ ಕಂಪನಿಯ ನಿರ್ಮಾಪಕ ಮಿಚ್ ಮಿಲ್ಲರ್ ಇದನ್ನು ಹಾಡಲು ಹೇಳಿದಾಗ ರೋಸ್‌ಮೇರಿ ಒಪ್ಪಲಿಲ್ಲ. ಪರದೇಶಿಯರ ಉಚ್ಚಾರಣೆಯನ್ನು ಅನುಕರಿಸಿ ಹಾಡುವುದು ಆಕೆಗೆ ಹಿಡಿಸಲಿಲ್ಲ. ನಾಳೆ ಬಂದು ಹಾಡದಿದ್ದರೆ ಕೆಲಸದಿಂದ ತೆಗೆಯುತ್ತೇನೆ ಎಂದು ಮಿಲ್ಲರ್ ಹೇಳಿದ್ದನ್ನು ಆಕೆ ಮುಂದೆ ಎಷ್ಟೋ ಸಲ ನೆನಪಿಸಿಕೊಂಡಿದ್ದಾರೆ. ಮರುದಿನ ಹೋಗಿ ಹಾಡಿದರು. ಹಾರ್ಪ್‌ಸಿಕಾರ್ಡ್ ಎಂಬ ಹಳೆಯ ತಂತಿವಾದ್ಯದ ಕಿಣಿಕಿಣಿಯೊಂದಿಗೆ ಆ ಹಾಡು ದೇಶದಲ್ಲೇ ಮೊದಲ ಸ್ಥಾನಕ್ಕೇರಿತು. 1953ರ ಫೆಬ್ರವರಿಯಲ್ಲಿ ‘ಟೈಮ್’ ವಾರಪತ್ರಿಕೆ ಆಕೆಯ ಚಿತ್ರವನ್ನು ಮುಖಪುಟದಲ್ಲಿ ಅಚ್ಚುಹಾಕಿತು. ಮರುವರ್ಷ ‘ಹೇ ದೇರ್’, ‘ದಿಸ್ ಓಲ್ ಹೌಸ್’, ‘ಮಾಂಬೋ ಇಟಾಲಿಯಾನೋ’ ಒಂದರ ಹಿಂದೊಂದು ಜನಪ್ರಿಯವಾದವು.

ಆ ಮೊದಲ ಯಶಸ್ಸನ್ನು ಇಂದು ಕೇಳಿದರೆ ಏನನ್ನಿಸುತ್ತದೆ? ನನ್ನ ಅಭಿಪ್ರಾಯವನ್ನು ಮರೆಮಾಚುವುದಿಲ್ಲ. ತಾಳ ಖಚಿತ, ಉಚ್ಚಾರ ಸ್ಪಷ್ಟ, ಕಂಠ ಹೊಸ ನಾಣ್ಯದಂತೆ ಮಿನುಗುತ್ತದೆ. ಆದರೆ ಹಾಡಿನಲ್ಲಿ ಹಾಡುವವರಿಲ್ಲ. ಅತಿಥಿಯನ್ನು ಮನೆಗೆ ಕರೆಯುವ ಹಾಡಿನಲ್ಲಿ ಕರೆಯುವವಳೇ ಮನೆಯಲ್ಲಿಲ್ಲ ಎಂಬಂತೆ ತೋರುತ್ತದೆ. ‘ಹೇ ದೇರ್’ ಹಾಡನ್ನು ಮಾತ್ರ ಈ ಸಾಲಿನಿಂದ ಬೇರ್ಪಡಿಸಬೇಕು. ಅಲ್ಲಿ ತನ್ನನ್ನು ತಾನೇ ಎಚ್ಚರಿಸಿಕೊಳ್ಳುವ ಪ್ರೇಮಿಯ ಮಾತುಗಳನ್ನು ಆಕೆ ಯಾವ ಅಲಂಕಾರವೂ ಇಲ್ಲದೆ, ನೇರವಾಗಿ ಹಾಡುತ್ತಾರೆ.

ಈಗ ನಾನು ಬಹಳ ಮುಖ್ಯವೆಂದು ಎಣಿಸುವ ಧ್ವನಿಮುದ್ರಿಕೆಗೆ ಬರುತ್ತೇನೆ. 1956ರಲ್ಲಿ ಡ್ಯೂಕ್ ಎಲಿಂಗ್ಟನ್ ಅವರ ವಾದ್ಯವೃಂದದೊಂದಿಗೆ ಬಂದ ‘ಬ್ಲೂ ರೋಸ್’. ಎಲಿಂಗ್ಟನ್ ಜಾಝ್ ಸಂಗೀತದ ಮಹಾರಥಿ. ಆಗ ರೋಸ್‌ಮೇರಿ ಎರಡನೆಯ ಮಗುವಿನ ಬಸುರಿ. ವಾಂತಿ ಸಂಕಟದಿಂದ ಬಳಲುತ್ತಿದ್ದ ಕಾರಣ ಲಾಸ್ ಏಂಜಲಿಸ್‌ನಿಂದ ನ್ಯೂಯಾರ್ಕಿಗೆ ಪ್ರಯಾಣ ಮಾಡುವಂತಿರಲಿಲ್ಲ. ವಾದ್ಯವೃಂದ ನ್ಯೂಯಾರ್ಕಿನಲ್ಲಿ ನುಡಿಸಿ ಮುದ್ರಿಸಿತು. ಎಲಿಂಗ್ಟನ್‌ರ ಬಲಗೈಯಾಗಿದ್ದ ಸಂಗೀತಗಾರ ಬಿಲ್ಲಿ ಸ್ಟ್ರೇಹಾರ್ನ್ ಆ ಸುರುಳಿಗಳೊಂದಿಗೆ ಲಾಸ್ ಏಂಜಲಿಸ್‌ಗೆ ಬಂದು, ಪಕ್ಕದಲ್ಲಿ ಕುಳಿತು ಧೈರ್ಯ ಹೇಳಿ ಹಾಡಿಸಿದರು. ಇಂದು ಇದು ಸಾಮಾನ್ಯ ವಿಧಾನ. ಆ ಕಾಲದಲ್ಲಿ ಬಲು ಅಪರೂಪ. ಮೂರು ಸಾವಿರ ಮೈಲಿ ದೂರದಲ್ಲಿ ಎಂದೋ ನುಡಿಸಿದ ವಾದ್ಯಗಳ ನಡುವೆ ಆಕೆ ಎಷ್ಟು ಸಹಜವಾಗಿ ಕುಳಿತಿದ್ದಾರೆಂದರೆ, ಹೇಳದಿದ್ದರೆ ಯಾರಿಗೂ ಗೊತ್ತಾಗದು. ಶೀರ್ಷಿಕೆಯ ಗೀತೆಯಲ್ಲಿ ಪದಗಳೇ ಇಲ್ಲ, ಬರೀ ಸ್ವರ. ಪದಗಳನ್ನೇ ನೆಚ್ಚಿದ ಗಾಯಕಿ ಪದಗಳನ್ನು ಕಳಚಿಟ್ಟು, ವಾದ್ಯಗಳಲ್ಲಿ ತಾನೂ ಒಂದಾಗಿ ಹರಿಯುತ್ತಾರೆ. ಆಗ ಆಕೆಗೆ 27 ವರ್ಷ. ಈ ವಯಸ್ಸನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಟ ಹೊಸೆ ಫೆರರ್ ಅವರನ್ನು ಆಕೆ 1953ರಲ್ಲಿ ವರಿಸಿದ್ದರು. 1955ರಿಂದ 1960ರೊಳಗೆ ಐವರು ಮಕ್ಕಳು. ಪತಿ ನಿಷ್ಠರಾಗಿರಲಿಲ್ಲ. ಇತ್ತ ರೋಸ್‌ಮೇರಿಯವರ ಮನಸ್ಸು ವಾದ್ಯ ಸಂಯೋಜಕ ನೆಲ್ಸನ್ ರಿಡಲ್ ಅವರ ಕಡೆಗೆ ವಾಲಿತು. ಅದನ್ನು ಆಕೆ ಮುಂದೆ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾರೆ. ನಾನು ಇಲ್ಲಿ ತೀರ್ಪು ಕೊಡಲು ಕುಳಿತಿಲ್ಲ. 1961ರಲ್ಲಿ ವಿಚ್ಛೇದನ, 1964ರಲ್ಲಿ ಅದೇ ಪತಿಯೊಂದಿಗೆ ಮರುವಿವಾಹ, 1967ರಲ್ಲಿ ಮತ್ತೆ ವಿಚ್ಛೇದನ. ನಿದ್ರೆ ಮಾತ್ರೆಗಳೂ ಮನಸ್ಸನ್ನು ಮಂಕಾಗಿಸುವ ಮಾತ್ರೆಗಳೂ ನಿತ್ಯದ ಆಹಾರದಂತಾದವು. ಇದರ ನಡುವೆ, 1961ರಲ್ಲಿ, ರಿಡಲ್ ಅವರೊಂದಿಗೆ ‘ಲವ್’ ಎಂಬ ಧ್ವನಿಮುದ್ರಿಕೆ ತಯಾರಾಯಿತು. ಹಾಡಿಸಿದ ಕಂಪನಿ ಅದನ್ನು ಹೊರತರಲಿಲ್ಲ. ಎರಡು ವರ್ಷಗಳ ಮೇಲೆ ಬೇರೊಂದು ಕಂಪನಿಯಿಂದ ಹೊರಬಂತು. ಅಲ್ಲಿ ತಂತಿವಾದ್ಯಗಳ ಮಂದ್ರದಲ್ಲಿ ಆಕೆ ಧ್ವನಿಯನ್ನು ಎತ್ತರಿಸುವುದೇ ಇಲ್ಲ. ಕೇಳುತ್ತಾ ಹೋದಂತೆ, ಇನ್ನೊಂದು ಮಾತು ಹೆಚ್ಚಾಡಿದರೆ ಅಳು ಬರುತ್ತದೆ ಎಂದು ತಡೆದು ಮಾತನಾಡುವವರ ನೆನಪಾಗುತ್ತದೆ.

1968ರಲ್ಲಿ ಆಕೆ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ್ದ ರಾಬರ್ಟ್ ಕೆನೆಡಿಯವರ ಪರ ಪ್ರಚಾರಕ್ಕೆ ಹೋಗುತ್ತಿದ್ದರು. ಜೂನ್ 5ರ ನಡುರಾತ್ರಿ ಲಾಸ್ ಏಂಜಲಿಸ್‌ನ ಆಂಬಾಸಡರ್ ಹೋಟೆಲಿನಲ್ಲಿ ಕೆನೆಡಿಯವರಿಗೆ ಗುಂಡು ತಗಲಿದಾಗ ರೋಸ್‌ಮೇರಿ ಅಲ್ಲಿಯೇ ಇದ್ದರು. ಅವರು ಸತ್ತಿಲ್ಲ, ಇದೆಲ್ಲ ನಾಟಕ ಎಂದು ಆಕೆ ಹಲವು ದಿನ ಹಟ ಹಿಡಿದರು. ಕೆಲವು ವಾರಗಳಲ್ಲಿ ರೀನೋ ನಗರದ ವೇದಿಕೆಯಲ್ಲಿ ಕೇಳುಗರನ್ನೇ ಬೈದು ಹೊರನಡೆದರು. ಬೆಟ್ಟದ ರಸ್ತೆಯಲ್ಲಿ ಬೇಕೆಂದೇ ಎದುರು ದಿಕ್ಕಿನ ಬದಿಯಲ್ಲಿ ಕಾರು ಓಡಿಸಿದರು. ಬದುಕಿ ಉಳಿದದ್ದೇ ಆಶ್ಚರ್ಯ. ಬಳಿಕ ಆಸ್ಪತ್ರೆಯ ಮನೋರೋಗ ವಿಭಾಗ. ಆಗ ಆಕೆಗೆ 40 ವರ್ಷ.

ವಾಚಕರೇ, ನನ್ನ ಪ್ರಬೋಧನೆ ಇಲ್ಲಿಂದಲೇ ಆರಂಭವಾಗಿತ್ತು. ಒಂದು ತಪಸ್ಸುಕಾಲದ ಭಾನುವಾರ, ಶಿಲುಬೆಯ ವಿಷಯ. ಸಂಗೀತದಲ್ಲಿ ನನಗೆ ಮೊದಲಿನಿಂದ ಆಸಕ್ತಿ. ಉದಾಹರಣೆಗೆ ಈ ಗಾಯಕಿಯನ್ನು ಆರಿಸಿಕೊಂಡೆ. ಯೌವನದಲ್ಲಿ ಹಗುರವಾಗಿದ್ದ ಕಂಠ ನೋವಿನ ಕುಲುಮೆಯಲ್ಲಿ ಬೆಂದು, ಮುಪ್ಪಿನಲ್ಲಿ ಚಿನ್ನವಾಗಿ ಹೊರಬಂತು ಎಂದು ಹೇಳಿದೆ. ಚೆನ್ನಾಗಿತ್ತು ಎಂದು ಹಲವರು ಹೇಳಿದರು. ಬಲಿಪೂಜೆಯ ನಂತರ ಒಬ್ಬ ತಾಯಿ ಜನರೆಲ್ಲ ಹೋಗುವವರೆಗೂ ಕಾದು, ಹತ್ತಿರ ಬಂದು ಮೆಲ್ಲನೆ ಕೇಳಿದರು: “ಫಾದರ್, ನೋವು ಮನುಷ್ಯರನ್ನು ಮಾಗಿಸುತ್ತದೆ ಅಂದ್ರಿ. ನನ್ನ ಮಗನಿಗೆ ಕಾಯಿಲೆ ಬಂದು ಹನ್ನೊಂದು ವರ್ಷ ಆಯ್ತು. ಅವನಲ್ಲಿ ಏನು ಮಾಗಿದೆ, ಹೇಳಿ?”

ಆ ಮಗನ ವಿಷಯ ನನಗೆ ತಿಳಿದಿರಲಿಲ್ಲ. ಧರ್ಮಕೇಂದ್ರದಲ್ಲಿ ಯಾರಿಗೂ ತಿಳಿದಿರಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗುವಾಗ ಆ ಮನೆಯವರು ನೆಂಟರ ಮನೆಯ ಸಮಾರಂಭಕ್ಕೆ ಹೋಗುತ್ತೇವೆಂದು ಅಕ್ಕಪಕ್ಕದವರಿಗೆ ಹೇಳುತ್ತಿದ್ದರಂತೆ. ನಾನು ಆಗ ಕೊಟ್ಟ ಉತ್ತರ ನನಗೆ ನೆನಪಿದೆ, ಅದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಒಂದು ನವೇನದ ಹೆಸರು ಹೇಳಿ ಕಳುಹಿಸಿದೆ.

ಮನೆಗೆ ಬಂದು ಆ ಧ್ವನಿಮುದ್ರಿಕೆಗಳನ್ನು ಮತ್ತೆ, ಈ ಸಲ ಕಾಲಾನುಕ್ರಮದಲ್ಲಿ, ಕೇಳಿದೆ. ‘ಬ್ಲೂ ರೋಸ್’ ನನ್ನ ಪ್ರಬೋಧನೆಯನ್ನು ಕೆಡವಿಹಾಕಿತು. ನೋವು ಆಕೆಗೆ ಕಲಿಸಿತೆಂದು ನಾನು ಹೇಳಿದ ಸಂಯಮ, ಪದಗಳ ಬೆಲೆ, ಮೌನದ ಬಳಕೆ, ಎಲ್ಲವೂ 27ನೆಯ ವಯಸ್ಸಿನಲ್ಲೇ ಅಲ್ಲಿದ್ದವು. ‘ಲವ್’ ಧ್ವನಿಮುದ್ರಿಕೆಯ ಹೊತ್ತಿಗೆ ಅವು ಪೂರ್ಣವಾಗಿದ್ದವು. ಹಾಗಾದರೆ ಕಾಯಿಲೆ ಆಕೆಗೆ ಏನು ಕೊಟ್ಟಿತು? ಲೆಕ್ಕ ಹಾಕಿ ನೋಡಿದರೆ, ಕೊಟ್ಟದ್ದಕ್ಕಿಂತ ಕಸಿದುಕೊಂಡದ್ದೇ ಕಾಣುತ್ತದೆ. 33ರಿಂದ 48ರವರೆಗಿನ ವಯಸ್ಸು ಗಾಯಕಿಯೊಬ್ಬರ ಸುಗ್ಗಿಯ ಕಾಲ. ಆ ಅವಧಿಯಲ್ಲಿ ಆಕೆಯಿಂದ ಬಂದ ಫಸಲು ತೀರ ಕಡಿಮೆ. ನಾವು ಕೇಳಬೇಕಾಗಿದ್ದ ಎಷ್ಟೋ ಹಾಡುಗಳು ಹುಟ್ಟಲೇ ಇಲ್ಲ.

ಚೇತರಿಕೆಯ ಕಥೆಯೂ ನಾನು ಹೇಳಿದಷ್ಟು ಚೆಂದವಾಗಿಲ್ಲ, ನಿಧಾನದ್ದು, ಬೇಸರದ್ದು. ವರ್ಷಗಟ್ಟಲೆ ವೈದ್ಯರ ಬಳಿ ಕುಳಿತು ಮಾತು. ಅದೇ ಬಗೆಯ ಸಂಕಟದಲ್ಲಿದ್ದ ಇತರರ ಜೊತೆ ಗುಂಪು ಚಿಕಿತ್ಸೆ. ಸಂಸಾರ ಸಾಗಬೇಕಲ್ಲ, ಐವರು ಮಕ್ಕಳು. ಹೆದ್ದಾರಿ ಬದಿಯ ಹಾಲಿಡೇ ಇನ್ ಹೋಟೆಲುಗಳಲ್ಲಿ ಊಟ ಮಾಡುವವರ ಮುಂದೆ ಹಾಡು. ಅಡುಗೆಮನೆಯಲ್ಲಿ ಒರೆಸಲು ಬಳಸುವ ಕಾಗದದ ಜಾಹೀರಾತಿಗೂ ದೂರದರ್ಶನದಲ್ಲಿ ಹಾಡಿದರು. ‘ಟೈಮ್’ ಮುಖಪುಟದಲ್ಲಿ ಕಾಣಿಸಿಕೊಂಡಿದ್ದವರಿಗೆ ಇದು ಅವಮಾನವೆಂದು ಕೆಲವರಿಗೆ ಅನ್ನಿಸಿರಬಹುದು. ಆಕೆ ಕೂಲಿಗೆ ತಕ್ಕ ಕೆಲಸ ಮಾಡಿದರು. 1973ರಲ್ಲಿ ರಸ್ತೆಯ ಸಿಗ್ನಲ್ ದೀಪದ ಬಳಿ ಪಕ್ಕದ ಕಾರಿನಲ್ಲಿ ಹಳೆಯ ಗೆಳೆಯ, ನರ್ತಕ ಡಾಂಟೆ ಡಿಪಾವೊಲೊ ಆಕಸ್ಮಿಕವಾಗಿ ಸಿಕ್ಕಿದರು, ಕೊನೆಯವರೆಗೂ ಜೊತೆಗಿದ್ದರು. 1976ರಲ್ಲಿ ಬಿಂಗ್ ಕ್ರಾಸ್‌ಬಿ ತಮ್ಮ ವೃತ್ತಿಜೀವನದ ಐವತ್ತನೆಯ ವರ್ಷದ ಸಂಗೀತ ಸಂಚಾರಕ್ಕೆ ಆಕೆಯನ್ನು ಕರೆದುಕೊಂಡು ಲಂಡನ್ನಿನ ಪಲೇಡಿಯಂ ರಂಗಮಂದಿರದವರೆಗೂ ಹೋದರು. ಅದೇ ವರ್ಷ ತಂಗಿ ಬೆಟ್ಟಿ ಮಿದುಳಿನ ರಕ್ತನಾಳ ಒಡೆದು ತೀರಿಕೊಂಡರು. ಹಿಂದಿನಂತಾಗಿದ್ದರೆ ಆ ಪೆಟ್ಟಿಗೆ ಆಕೆ ಮತ್ತೆ ಕುಸಿಯಬೇಕಿತ್ತು. ಕುಸಿಯಲಿಲ್ಲ. ಮಿದುಳಿಗೆ ಪೆಟ್ಟಾದವರ ಪುನಶ್ಚೇತನಕ್ಕಾಗಿ ತಂಗಿಯ ಹೆಸರಿನಲ್ಲಿ ಒಂದು ಕೇಂದ್ರ ಏಳಲು ಕಾರಣರಾದರು, ಅದರ ಸಹಾಯಾರ್ಥ ಹಾಡಿದರು.

ಇದರಲ್ಲಿ ದೇವರ ಕೃಪೆ ಎಲ್ಲಿ ಎಂದು ಕೇಳಿದರೆ, ಆ ವೈದ್ಯರಲ್ಲಿ, ಆ ಗೆಳೆಯರಲ್ಲಿ, ಆ ಕೂಲಿ ಕೆಲಸದಲ್ಲಿ ಎಂದು ನಾನು ಹೇಳುತ್ತೇನೆ. ಕಾಯಿಲೆಯಲ್ಲಿ ಎಂದು ಹೇಳಲು ಈಗ ನನ್ನ ನಾಲಿಗೆ ಏಳುವುದಿಲ್ಲ. ಪುನರುತ್ಥಾನರಾದ ಪ್ರಭುವಿನ ಕೈಗಳಲ್ಲಿ ಗಾಯದ ಗುರುತುಗಳಿದ್ದವು, ನಿಜ. ಆದರೆ ಮೊಳೆಗಳು ಅವರನ್ನು ಎಬ್ಬಿಸಲಿಲ್ಲ. ಕೀರ್ತನೆಗಳ ಗ್ರಂಥದಲ್ಲಿ 88ನೆಯ ಕೀರ್ತನೆಯನ್ನು ಒಮ್ಮೆ ತೆರೆದು ನೋಡಿ. ಇತರ ಕೀರ್ತನೆಗಳ ಹಾಗೆ ಅದು ಕೊನೆಯಲ್ಲಿ ಸ್ತುತಿಗೆ ತಿರುಗುವುದಿಲ್ಲ. ಕತ್ತಲಲ್ಲಿ ಆರಂಭವಾಗಿ ಕತ್ತಲಲ್ಲೇ ನಿಲ್ಲುತ್ತದೆ. ಅದನ್ನೂ ಪವಿತ್ರ ಗ್ರಂಥದೊಳಗೆ ಇರಿಸಿದ ಹಿರಿಯರು ನನಗಿಂತ ಪ್ರಾಮಾಣಿಕರು.

ಹಾಗೆಂದು ಆಕೆಯ ಎರಡನೆಯ ಕಾಲದ ಹಾಡುಗಳು ಮೊದಲಿನವುಗಳಿಗಿಂತ ಕಡಿಮೆಯೇ? ಅಲ್ಲ, ಹೆಚ್ಚೇ. ಆದರೆ ಅದರ ಕಾರಣಗಳನ್ನು ಬೇರೆ ಕಡೆ ಹುಡುಕಬೇಕು. 1977ರಲ್ಲಿ ಕ್ಯಾಲಿಫೋರ್ನಿಯಾದ ಕಾನ್‌ಕಾರ್ಡ್ ಎಂಬ ಚಿಕ್ಕ ಕಂಪನಿಯ ಮಾಲೀಕ ಕಾರ್ಲ್ ಜೆಫರ್‌ಸನ್ ಆಕೆಯನ್ನು ಕರೆದರು. ಅಲ್ಲಿಂದ ಸುಮಾರು ವರ್ಷಕ್ಕೊಂದರಂತೆ ಧ್ವನಿಮುದ್ರಿಕೆಗಳು ಬಂದವು. ದೊಡ್ಡ ವಾದ್ಯವೃಂದವಿಲ್ಲ, ಕಿಣಿಕಿಣಿಯಿಲ್ಲ. ಐದಾರು ಮಂದಿ ಜಾಝ್ ವಾದಕರು, ಸ್ಕಾಟ್ ಹ್ಯಾಮಿಲ್ಟನ್‌ರ ಸ್ಯಾಕ್ಸೊಫೋನ್, ವಾರನ್ ವಾಶೇಯವರ ಕಾರ್ನೆಟ್. ಯಾವ ಹಾಡೆಂದು ಆರಿಸುವ ಹಕ್ಕು ಗಾಯಕಿಯದ್ದು. ಒಲ್ಲದ ಹಾಡನ್ನು ಹೆದರಿಸಿ ಹಾಡಿಸಿದವರ ನಂತರ, ಯಾವುದು ಬೇಕೋ ಅದನ್ನು ಹಾಡಿ ಎಂದವರು ಸಿಕ್ಕಿದರು. ನನ್ನ ಎಣಿಕೆಯಲ್ಲಿ ಆಕೆಯ ಮುಪ್ಪಿನ ಸಿರಿಗೆ ಇದು ಮೊದಲ ಕಾರಣ, ಮತ್ತು ಸಾಕಷ್ಟು ದೊಡ್ಡ ಕಾರಣ.

ಎರಡನೆಯದು, ಪದಗಳು. ಆ ಮಾಲೆಯಲ್ಲಿ ಒಬ್ಬೊಬ್ಬ ರಚನಕಾರರಿಗೆ ಒಂದೊಂದು ಧ್ವನಿಮುದ್ರಿಕೆಯನ್ನು ಮೀಸಲಿಟ್ಟರು: ಕೋಲ್ ಪೋರ್ಟರ್, ಹೆರಾಲ್ಡ್ ಆರ್ಲೆನ್, ಅರ್ವಿಂಗ್ ಬರ್ಲಿನ್, ಹೀಗೆ. ಅವುಗಳಲ್ಲಿ ಎರಡು, 1979ರದ್ದು ಮತ್ತು 1987ರದ್ದು, ಸಾಹಿತ್ಯ ಬರೆದವರ ಹೆಸರಿನಲ್ಲೇ ಇವೆ: ಐರಾ ಗರ್ಶ್ವಿನ್ ಮತ್ತು ಜಾನಿ ಮರ್ಸರ್. ಸಾಮಾನ್ಯವಾಗಿ ಜನ ರಾಗ ಹಾಕಿದವರನ್ನು ನೆನೆಯುತ್ತಾರೆ, ಪದ ಬರೆದವರನ್ನು ಮರೆಯುತ್ತಾರೆ. ಬೆವರ್ಲಿ ಹಿಲ್ಸ್‌ನಲ್ಲಿ ರೋಸ್‌ಮೇರಿ ವಾಸವಾಗಿದ್ದ ಮನೆ ಹಿಂದೊಮ್ಮೆ ಜಾರ್ಜ್ ಗರ್ಶ್ವಿನ್ ವಾಸಿಸಿದ್ದ ಮನೆ. ಅವರ ಅಣ್ಣ ಐರಾ ಪಕ್ಕದ ಮನೆಯಲ್ಲೇ ಇದ್ದರು. ನೆರೆಮನೆಯ ಹಿರಿಯರ ಮಾತುಗಳನ್ನು ಅವರಿಗೇ ಓದಿ ಹೇಳುವಂತೆ ಆಕೆ ಆ ಹಾಡುಗಳನ್ನು ಹಾಡಿದ್ದಾರೆ.

ಕಂಠ ಈಗ ಮೊದಲಿನಂತಿಲ್ಲ. ದಪ್ಪಗಾಗಿದೆ, ಕೆಳಗಿಳಿದಿದೆ, ಉಸಿರು ಗಿಡ್ಡವಾಗಿದೆ. ಮೊದಲು ಒಂದೇ ಉಸಿರಿನಲ್ಲಿ ದಾಟುತ್ತಿದ್ದ ಸಾಲನ್ನು ಈಗ ಎರಡಾಗಿ ಮುರಿಯಬೇಕು. ಇಲ್ಲಿ ಆಕೆಯ ಜಾಣ್ಮೆಯನ್ನು ಗಮನಿಸಿ: ಉಸಿರು ಮುಗಿದಲ್ಲಿ ಮುರಿಯುವುದಿಲ್ಲ, ಅರ್ಥ ತಿರುಗುವಲ್ಲಿ ಮುರಿಯುತ್ತಾರೆ. ಬಲಿಪೂಜೆಯಲ್ಲಿ ವಾಚನ ಓದುವವರಿಗೆ ನಾನು ಎಷ್ಟು ವರ್ಷಗಳಿಂದ ಇದನ್ನೇ ಹೇಳುತ್ತಾ ಬಂದಿದ್ದೇನೆ! ಎತ್ತರದ ಸ್ವರ ಬಂದಾಗ ಹಾರಲು ಹೋಗುವುದಿಲ್ಲ. ಮಾತಿನಂತೆ ಅದರ ಪಕ್ಕ ಹಾದುಹೋಗುತ್ತಾರೆ. ಆದರೆ ಎಲ್ಲವೂ ಚೆನ್ನಾಗಿದೆಯೆಂದು ಹೇಳಿದರೆ ಅದು ವಿಮರ್ಶೆಯಾಗದು. ವೇಗದ ಹಾಡುಗಳಲ್ಲಿ ಕೆಲವೊಮ್ಮೆ ತಾಳದ ಹಿಂದೆ ಎಳೆದಾಡುತ್ತಾರೆ. ವರ್ಷಕ್ಕೊಂದು ಬಂದದ್ದರಿಂದ ಕೆಲವು ಧ್ವನಿಮುದ್ರಿಕೆಗಳು ಒಂದೇ ಅಚ್ಚಿನಲ್ಲಿ ತೆಗೆದಂತಿವೆ. ಹೊಸಬರು ನಾಲ್ಕೈದನ್ನು ಆರಿಸಿ ಕೇಳಿದರೆ ಸಾಕು.

ಒಂದು ವಿಷಯವನ್ನು ಮಾತ್ರ ನಾನು ಇಂದಿಗೂ ಪೂರ್ತಿ ಬಗೆಹರಿಸಿಕೊಂಡಿಲ್ಲ. ಆಸ್ಪತ್ರೆಯಿಂದ ಬಂದವರು ಹಾಡುವ ಶೋಕಗೀತೆ ಬೇರೆಯವರದ್ದರ ಹಾಗೆಯೇ ಇರುತ್ತದೆಯೇ? 1961ರ ‘ಲವ್’ನಲ್ಲಿ ಅಳು ಗಂಟಲಿನಲ್ಲಿ ಸಿಕ್ಕಿಕೊಂಡಿದೆ ಎಂದೆ. ಮುಪ್ಪಿನ ಹಾಡುಗಳಲ್ಲಿ ಅದು ಇಲ್ಲ. ದುಃಖದ ಪದಗಳನ್ನು ಆಕೆ ಬಹುತೇಕ ಸಮಾಧಾನದಿಂದ, ವಾರ್ತೆ ತಿಳಿಸುವಂತೆ ಹಾಡುತ್ತಾರೆ. ಮರೆಮಾಚಲು ಏನೂ ಉಳಿದಿಲ್ಲ ಎಂಬುದು ಒಂದು ಕಾರಣವಿರಬೇಕು. 1977ರಲ್ಲೇ ಆತ್ಮಕಥೆಯಲ್ಲಿ ಮಾತ್ರೆಗಳು, ಆಸ್ಪತ್ರೆ, ಎಲ್ಲವನ್ನೂ ಹೆಸರಿಟ್ಟು ಬರೆದರು. 1999ರಲ್ಲಿ ಇನ್ನೊಮ್ಮೆ ಬರೆದರು. ಮನಸ್ಸಿನ ಕಾಯಿಲೆಯನ್ನು ಸಿನಿಮಾದವರು ಬಾಯಿಬಿಟ್ಟು ಹೇಳದ ಕಾಲ ಅದು. ಹೇಳಿದ ಮೇಲೆ ಆಕೆಯ ಧ್ವನಿ ಸಡಿಲಗೊಂಡಿತೇ? ನನಗೆ ಹಾಗೆ ಕೇಳಿಸುತ್ತದೆ. ನೀವೂ ಕೇಳಿ ನೋಡಿ. ಎಲ್ಲಿಗೆ ಹೋಗುತ್ತೀರೆಂದು ನೆರೆಯವರು ಕೇಳಿದಾಗ ಸಮಾರಂಭದ ಹೆಸರು ಹೇಳಬೇಕಾದ ಆ ಮನೆ ನನ್ನ ಕಣ್ಣ ಮುಂದೆ ಬರುವುದು ಇಂಥ ಹಾಡು ಕೇಳುವಾಗಲೇ. ಅವರು ಸುಳ್ಳು ಹೇಳಬೇಕಾಗಿ ಬಂದದ್ದು ನಮ್ಮಿಂದ, ಅವರ ಧರ್ಮಕೇಂದ್ರದವರಾದ ನಮ್ಮಿಂದ.

1994ರಲ್ಲಿ ‘ಇ.ಆರ್.’ ಎಂಬ ದೂರದರ್ಶನ ಧಾರಾವಾಹಿಯಲ್ಲಿ ಆಕೆ ಒಂದು ಚಿಕ್ಕ ಪಾತ್ರ ಮಾಡಿದರು. ತಮ್ಮ ನಿಕ್‌ನ ಮಗ ಜಾರ್ಜ್ ಕ್ಲೂನಿ ಅದರಲ್ಲಿ ವೈದ್ಯನ ಪಾತ್ರಧಾರಿ. ಅತ್ತೆಯದು ಆಲ್‌ಝೈಮರ್ ಕಾಯಿಲೆಯಿಂದ ಎಲ್ಲವನ್ನೂ ಮರೆತ ವೃದ್ಧೆಯ ಪಾತ್ರ. ಹಾಡಿನ ಮೂಲಕವಲ್ಲದೆ ಬೇರೆ ರೀತಿಯಲ್ಲಿ ಆಕೆಗೆ ಮಾತನಾಡಲು ಬರುವುದಿಲ್ಲ. ಆಸ್ಪತ್ರೆಯ ಓಣಿಯಲ್ಲಿ ತನಗೆ ತಾನೇ ಹಾಡಿಕೊಳ್ಳುತ್ತಾ ಅಲೆಯುತ್ತಾರೆ. ಎಮ್ಮಿ ಪ್ರಶಸ್ತಿಗೆ ಆಕೆಯ ಹೆಸರು ಸೂಚಿತವಾಯಿತು. ಆಸ್ಪತ್ರೆಯ ಓಣಿಗಳನ್ನು ಬಲ್ಲವರು ಆಕೆ. ಆದರೂ ಅಭಿನಯದಲ್ಲಿ ಕರುಣೆಯನ್ನು ಬೇಡುವ ಒಂದು ಚಹರೆಯೂ ಇಲ್ಲ.

ಕೆಂಟಕಿಯಲ್ಲಿ ಹುಟ್ಟೂರಿಗೆ ಹತ್ತಿರದ ಆಗಸ್ಟ ಎಂಬಲ್ಲಿ, ಅದೇ ನದಿಯ ದಡದಲ್ಲಿ, 1980ರಲ್ಲಿ ಒಂದು ಮನೆ ಕೊಂಡಿದ್ದರು. 1997ರ ನವೆಂಬರಿನಲ್ಲಿ ಮೇಸ್‌ವಿಲ್‌ನ ಸಂತ ಪ್ಯಾಟ್ರಿಕರ ದೇವಾಲಯದಲ್ಲಿ ಡಾಂಟೆಯವರೊಂದಿಗೆ ವಿವಾಹವಾದರು. ವಧುವಿಗೆ 69 ವರ್ಷ. ಅದೇ ದೇವಾಲಯದಲ್ಲಿ ಐದು ವರ್ಷ ತುಂಬುವ ಮುನ್ನ ಆಕೆಯ ಅಂತ್ಯಸಂಸ್ಕಾರದ ಬಲಿಪೂಜೆ ನಡೆಯಿತು. ಶ್ವಾಸಕೋಶದ ಅರ್ಬುದದಿಂದ 2002ರ ಜೂನ್ 29ರಂದು ತೀರಿಕೊಂಡರು. ಊರಿನ ಸಂತ ಪ್ಯಾಟ್ರಿಕರ ಸಮಾಧಿಭೂಮಿಯಲ್ಲಿ ಆಕೆಯನ್ನು ಇಟ್ಟಿದ್ದಾರೆ.

2001ರ ನವೆಂಬರಿನಲ್ಲಿ ಹೊನಲುಲುವಿನಲ್ಲಿ ನಡೆದ ಕಚೇರಿಯೊಂದರ ಧ್ವನಿಮುದ್ರಣ ಆಕೆಯ ಮರಣದ ನಂತರ ‘ಲಾಸ್ಟ್ ಕಾನ್ಸರ್ಟ್’ ಎಂಬ ಹೆಸರಿನಲ್ಲಿ ಹೊರಬಂತು. ಮೊದಲ ಸಲ ಕೇಳುವವರು ಇದರಿಂದ ಆರಂಭಿಸಬೇಡಿ. ‘ಬ್ಲೂ ರೋಸ್’ ಕೇಳಿ, ಆಮೇಲೆ ಐರಾ ಗರ್ಶ್ವಿನ್‌ರ ಹಾಡುಗಳನ್ನು ಕೇಳಿ, ಕೊನೆಗೆ ಇದಕ್ಕೆ ಬನ್ನಿ. ಹಾಡುಗಳ ನಡುವೆ ಆಕೆ ಜನರೊಂದಿಗೆ ಹರಟುತ್ತಾರೆ, ನಗಿಸುತ್ತಾರೆ, ಸಾಲಿನ ಮಧ್ಯೆ ಉಸಿರೆಳೆದುಕೊಳ್ಳುವುದು ಸ್ಪಷ್ಟವಾಗಿ ಕೇಳಿಸುತ್ತದೆ. ಆ ತಾಯಿಗೆ ನಾನು ಈ ಧ್ವನಿಮುದ್ರಿಕೆಯನ್ನು ಕೊಡಲಿಲ್ಲ, ಯಾವ ಉದಾಹರಣೆಯನ್ನೂ ಮತ್ತೆ ಹೇಳಲಿಲ್ಲ. ಮುಂದಿನ ಸಲ ನಿಮ್ಹಾನ್ಸ್‌ಗೆ ಹೋಗುವ ದಿನ ಯಾವುದೆಂದು ಕೇಳಿದೆ. ಬೆಳಗಿನ ಬಸ್ಸಿಗೆ ಮೂವರೂ ಹೋದೆವು. ಹೊರರೋಗಿಗಳ ಸಾಲು ಉದ್ದವಿತ್ತು. ಮಗ ಕಿಟಕಿಯ ಬಳಿ ಕುಳಿತು ಏನನ್ನೋ ಗುನುಗುತ್ತಿದ್ದ.